ಬಲಕ್ಕೆ ತೆರೆಯುವ ಕಾರ್ಡು

ಆ ವರ್ಷ ಬೀದರಿನಲ್ಲಿ ಮದುವೆಗಳೂ ನೀರಿನ ಟ್ಯಾಂಕರಿನ ದಾರಿ ಕಾಯುತ್ತಿದ್ದವು. ಗಾಂಧಿ ಗಂಜ್ ಮಾರುಕಟ್ಟೆಯ ಪಕ್ಕ ನಿಜಾಮೋದ್ದೀನನ ಝೆರಾಕ್ಸ್ ಅಂಗಡಿಯಲ್ಲಿ ಲಗ್ನಪತ್ರಿಕೆ, ಈದ್ ಕಾರ್ಡು ಹೊಡೆದುಕೊಡುವ ಮಚ್ಛೇಂದ್ರನಿಗೆ ಕೈಯಲ್ಲಿ ಕೆಲಸವೂ ಇರಲಿಲ್ಲ, ಮನೆಯಲ್ಲಿ ಹೆಂಡತಿಯೂ ಇರಲಿಲ್ಲ. ಡಾಬಕಾ ಹಳ್ಳಿಯ ಕೌಸಲ್ಯಾಳ ಜೊತೆ ನಿಶ್ಚಯವೇನೋ ಆಗಿತ್ತು. "ಮಳಿ ಬರ್ಲಿ, ನೋಡೋಣು" ಎಂದು ಅವಳಪ್ಪ ಕಾಶೀರಾಮ ಮದುವೆ ಮುಂದೂಡಿದ್ದ. ಈಗ ಆ ಮನೆಮಂದಿಯೆಲ್ಲ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೊರಟಿದ್ದರು. ಪುಣೆಯಲ್ಲಿ ವರಗಳಿಗೇನು ಬರವೇ? ಅಲ್ಲಿ ವಾಚ್‌ಮನ್‌ಗೂ ಸಮವಸ್ತ್ರವಿರುತ್ತದೆ. ಮಚ್ಛೇಂದ್ರನಿಗಿದ್ದದ್ದು ಮಸಿ ಮೆತ್ತಿದ ಒಂದು ಅಂಗಿ.

ಕಾಶೀರಾಮನೆದುರು ಅವಳೊಡನೆ ಮಾತಾಡುವ ಧೈರ್ಯವಿಲ್ಲ. ಮನೆಗಿದ್ದ ಒಂದೇ ಫೋನು ಕಾಶೀರಾಮನ ಜೇಬಿನಲ್ಲಿ. ಹಾಗಾಗಿ ಕಾರ್ಡು ಮಾಡಲು ಕುಳಿತ. ಕಾಗದ ಒಂದೇ ಹಾಳೆ: ಕೆಳಗಿನ ಅರ್ಧಕ್ಕೆ ಗುಲಾಬಿ, ಅದರ ಪಕ್ಕ ಹಿಂಬದಿಗೆಂದು ಎಂದಿನ ಅಂಗಡಿ ಜಾಹೀರಾತು, ಮೇಲಿನರ್ಧಕ್ಕೆ ತಲೆಕೆಳಗಾಗಿ ಒಳಗಿನ ಮಾತು, ಎರಡು ಸಲ ಮಡಚಿದರೆ ಎಲ್ಲ ನೆಟ್ಟಗೆ. ಪ್ರಿಂಟರಿನಲ್ಲಿ ಕೆಂಪು ಮಸಿ ಮುಗಿದು ಗುಲಾಬಿ ನೀಲಿಯಾಗಿ ಬಂತು. ಪರವಾಗಿಲ್ಲ, ತನ್ನ ಪೆಚ್ಚು ಮುಖಕ್ಕೆ ಒಪ್ಪುತ್ತದೆ ಎಂದುಕೊಂಡ. ಒಳಗೆ ಬರೆದದ್ದು ಇಷ್ಟೇ: "ಕಾಯುವಿರಾ?" ಬಾಚಣಿಗೆಯ ಬೆನ್ನಿನಿಂದ ಮಡಿಕೆ ಉಜ್ಜಿ, ಅವರು ರೈಲು ಹತ್ತಲಿದ್ದ ಭಾಲ್ಕಿಗೆ ಬಸ್ಸು ಹಿಡಿದ.

ಸ್ಟೇಷನ್ನಿನಲ್ಲಿ ಗಾಡಿ ಆಗಲೇ ಬಂದು ನಿಂತಿತ್ತು. ಕಿಟಕಿಯೊಳಗೆ ಕೈಚಾಚಿ ಕಾರ್ಡು ಕೊಟ್ಟ. ಕೌಸಲ್ಯಾ ಅದರ ಮುಖ ನೋಡಿ ಹುಬ್ಬು ಗಂಟಿಕ್ಕಿ, ಗಟ್ಟಿಯಾಗಿ ಓದಿದಳು: "ಝೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಫೋಟೊ. ಫೋನು ಮಾಡಿ..."

ಆಗಲೇ ಮಚ್ಛೇಂದ್ರನಿಗೆ ತಪ್ಪು ಹೊಳೆದದ್ದು. ವರ್ಷಗಟ್ಟಲೆ ಈದ್ ಕಾರ್ಡು ಮಡಚಿದ ಕೈ ಇದನ್ನೂ ಉರ್ದು ಪುಸ್ತಕದ ಹಾಗೆ ಬಲಕ್ಕೆ ತೆರೆಯುವಂತೆ ಹೊಂದಿಸಿಬಿಟ್ಟಿತ್ತು. ಕನ್ನಡ ಪುಸ್ತಕದ ಹಾಗೆ ಎಡಕ್ಕೆ ತೆರೆಯಲು ಹಿಡಿದವರಿಗೆ ಮೊದಲು ಸಿಗುವುದು ಹಿಂಬದಿ, ಅಂದರೆ ಅಂಗಡಿಯ ಜಾಹೀರಾತು.

"ಪುಣೆ ತನಕ ಗಿರಾಕಿ ಹಿಡಿಲಾಕತ್ತಿಯೇನಪಾ ಅಳಿಯಾ?" ಎಂದ ಕಾಶೀರಾಮ, ಕಾರ್ಡು ಕಸಿದುಕೊಂಡು ಗಾಳಿ ಬೀಸಿಕೊಳ್ಳತೊಡಗಿದ.

"ಹಂಗಲ್ರಿ ಮಾಮಾ, ತಿರುವಿ ನೋಡ್ರಿ..."

ಗಾಡಿ ಹೊರಟಿತು. ನೀಲಿ ಗುಲಾಬಿ ಮಾವನ ಮೂಗಿನ ಮುಂದೆ ಆಡುತ್ತಾ ಹೋಯಿತು.

ಮುಂದಿನ ದಿನಗಳಲ್ಲಿ ಮಚ್ಛೇಂದ್ರ ಕುಳಿತಲ್ಲಿ ಕುಳಿತಿರಲಿಲ್ಲ. ಗಿರಾಕಿಯ ಆಧಾರ್ ಕಾರ್ಡನ್ನು ತಲೆಕೆಳಗಿಟ್ಟು ಝೆರಾಕ್ಸ್ ತೆಗೆದ. ಚಹಾ ತರಲು ಹೋಗಿ ಬರಿಗೈಲಿ ಬಂದ. ಬೀದಿಯಲ್ಲಿ ವಾಚ್‌ಮನ್ ಕಂಡರೂ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅಂಗಡಿಯ ಫೋನು ಎತ್ತಿಕೊಂಡ ನಿಜಾಮೋದ್ದೀನ ಅವನತ್ತ ಚಾಚಿದ: "ಅರೆ, ಪುಣೆಯಿಂದ ಯಾರೋ ಹೆಣ್ಮಗಳು. ಗುಲಾಬಿ ನೀಲಿ ಯಾಕ ಅಂತ ಕೇಳ್ಲಿಕ್ಹತ್ಯಾಳ."

ಮಚ್ಛೇಂದ್ರ ಫೋನು ಕಿವಿಗಿಟ್ಟ. "ಕೆಂಪ ಮಸಿ ಇದ್ದಿಲ್ರಿ."

"ನಂಬರ ಕಾರ್ಡಿನ ಮ್ಯಾಗ ಇತ್ತು, ಬಾಜೂ ಮನಿಯವರ ಫೋನಿಲಿಂದ ಮಾಡ್ದೆ," ಎಂದಳು ಕೌಸಲ್ಯಾ. "ಅಪ್ಪ ಅದರಿಂದ ಇನ್ನಾ ಗಾಳಿ ಬೀಸ್ಕೊಳ್ತಾನ, ಒಳಗ ನೋಡಿಲ್ಲ. ಅಂವ ಮಲಗಿದಾಗ ನಾ ನೋಡೀನಿ. ಕಾಯ್ತೇನಿ. ಆದ್ರ ಮಳಿನ ನೆಚ್ಚಿ ಕೂಡಬ್ಯಾಡ್ರಿ, ನೀವಾ ಬಂದು ಅಪ್ಪಗ ಕೇಳ್ರಿ."

ಫೋನಿಟ್ಟವನೇ ಚಪ್ಪಲಿ ಹುಡುಕತೊಡಗಿದ.

"ಎಲ್ಲಿಗೋ?"

"ಪುಣೆಗೆ ಭಾಯಿ. ರಜಾ ಬೇಕು."

"ಹೋಗು," ಎಂದ ನಿಜಾಮೋದ್ದೀನ, ಮೇಜಿನ ಮೇಲಿದ್ದ ಜಾಹೀರಾತಿನ ಕಟ್ಟು ಅವನ ಕಂಕುಳಿಗೆ ತುರುಕುತ್ತ, "ಹ್ಯಾಂಗೂ ಹೊಂಟೀದಿ, ಇವನ್ನೂ ಹಂಚು."