ಅಕ್ಕನ ಹಂಡೆ ನೀರು

ಹೊಳನಗದ್ದೆಯ ನಮ್ಮ ಮನೆಯಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು: ಮೈಗೆ ಎಣ್ಣೆ ತಿಕ್ಕಿ ಹಂಡೆಯ ಸುಡುನೀರು ಹೊಯ್ಯುವುದು. ನೆಗಡಿಗೂ ಅದೇ, ಬಾಣಂತಿಗೂ ಅದೇ, ಗಂಡನ ಮೇಲಿನ ಸಿಟ್ಟಿಗೂ ಅದೇ. ನೀರು ಹೊಯ್ಯುವ ಹಕ್ಕು ಅಕ್ಕನದು. ತಂಗಿಯಾದ ನನಗಿಂತ ಬಹಳ ದೊಡ್ಡವಳು, ಭಾವ ತೀರಿದ ಮೇಲೆ ನನ್ನ ಜೊತೆಗೇ ಇದ್ದಾಳೆ. ಅವಳು ಚೊಂಬು ಎತ್ತಿದ ಮೇಲೆ ಬೇಡವೆನ್ನುವ ಧೈರ್ಯ ನಮ್ಮ ಕೇರಿಯಲ್ಲಿ ಯಾರಿಗೂ ಇಲ್ಲ.

ನನ್ನ ಎಡಗಾಲು ಮೊದಲ ಸಲ ಜೋಮು ಹಿಡಿದದ್ದು ಹೊನ್ನಾವರದಲ್ಲಿ ಹೊಲಿಗೆ ಅಂಗಡಿ ಇಟ್ಟ ಹೊಸತರಲ್ಲಿ. ಪೆಡಲಿನ ಮೇಲಿದ್ದ ಕಾಲು ಬೇರೆ ಯಾರದ್ದೋ ಅನ್ನಿಸಿತು. ಅಕ್ಕ ದಿನಾ ನೀರು ಹೊಯ್ದಳು, ಕಾಲು ವಾಪಸು ಬಂತು. ಕೆಲವು ವರ್ಷಗಳ ನಂತರ ಮತ್ತೆ ಹೋಯಿತು, ಮತ್ತೆ ಬಂತು. ಮೆದುಳಿನ ನರಗಳ ಹೊದಿಕೆ ಹರಿಯುವ ಕಾಯಿಲೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಗಿ ಮಾತ್ರೆ ಶುರುವಾಯಿತು. ವಾಸಿ ಮಾಡಿದ ಹೆಸರು ಮಾತ್ರ ಹಂಡೆಗೇ ಹೋಯಿತು.

ಈಗ ನನಗೆ ಐವತ್ತು ದಾಟಿದೆ. ಕಳೆದ ಮಳೆಗಾಲದಲ್ಲಿ ಹೋದ ಕಾಲು ಬರಲೇ ಇಲ್ಲ. ಭಟ್ಕಳದಿಂದ ಬಂದ ಮದುವೆ ಬ್ಲೌಸುಗಳು ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ಅಂಗಡಿ ಮುಚ್ಚಬೇಕಾದೀತೇ ಎಂಬ ಭಯ ನನಗೆ. ಅಕ್ಕನಿಗೆ ನೀರು ಸಾಕಷ್ಟು ಕಾಯುತ್ತಿಲ್ಲ ಎಂಬ ಚಿಂತೆ. ಅವಳು ಒಲೆಗೆ ಇನ್ನಷ್ಟು ತೆಂಗಿನ ಸಿಪ್ಪೆ ತುರುಕಿದಳು. ಬಚ್ಚಲಿನಿಂದ ಹೊರಬರುವಾಗ ನನ್ನ ಕಾಲು ಹಿಂಡದ ಬಟ್ಟೆಯ ಹಾಗೆ ಜೋತು ಬೀಳುತ್ತಿತ್ತು. ಅದನ್ನು ಕಂಡು ಮಾರನೇ ದಿನ ಇನ್ನೂ ಬಿಸಿ ಮಾಡುತ್ತಿದ್ದಳು.

ಕೊನೆಗೆ ಹೊನ್ನಾವರದ ನರರೋಗದ ಡಾಕ್ಟರಮ್ಮನ ಹತ್ತಿರ ಇಬ್ಬರೂ ಹೋದೆವು. ಯಾವಾಗ ಜಾಸ್ತಿಯಾಗುತ್ತದೆ ಎಂದು ಕೇಳಿದರು. ಸ್ನಾನ ಆದ ಮೇಲೆ ಎಂದೆ. ಅವರು ನಕ್ಕುಬಿಟ್ಟರು. ಹೊದಿಕೆ ಹರಿದ ನರಕ್ಕೆ ಬಿಸಿ ಆಗಿಬರುವುದಿಲ್ಲ, ಮೈ ತಣಿದರೆ ಮೊದಲಿನಂತಾಗುತ್ತದೆ, ಅದರಿಂದ ಕಾಯಿಲೆಯೇನೂ ಹೆಚ್ಚಿಲ್ಲ ಎಂದರು. ಅಕ್ಕ ಸೋಲಲಿಲ್ಲ. ಹಾಗಾದರೆ ಹಿಂದೆಲ್ಲ ಬಂದ ಕಾಲು ಈಗೇಕೆ ಬರುವುದಿಲ್ಲ ಎಂದು ಜಗಳಕ್ಕೇ ನಿಂತಳು.

ಹರಿದದ್ದನ್ನು ರಫು ಮಾಡುವ ಜೀವಕೋಶಗಳು ಮೆದುಳಿನಲ್ಲೇ ಇರುತ್ತವಂತೆ. ಪ್ರಾಯದಲ್ಲಿ ಚುರುಕಾಗಿದ್ದ ಅವಕ್ಕೂ ವಯಸ್ಸಾಗುತ್ತದೆ, ರಫು ಸರಿಯಾಗಿ ಆಗುವುದಿಲ್ಲ. ಕೆಲವು ಮುದಿ ಕೋಶಗಳು ಕೆಲಸವನ್ನೂ ಮಾಡದೆ, ಸಾಯದೆ, ಕೂತಲ್ಲೇ ಕೂತು ಪಕ್ಕದವನ್ನೂ ಕೆಡಿಸುತ್ತವಂತೆ. ಅವಕ್ಕೆ ಮದ್ದು ಹುಡುಕುತ್ತಿದ್ದಾರೆ, ಇನ್ನೂ ಕೈಗೆ ಬಂದಿಲ್ಲ. ಇಂಥವರನ್ನು ನಾನು ಎಷ್ಟೋ ಕಚೇರಿಗಳಲ್ಲಿ ಕಂಡಿದ್ದೇನೆ ಎಂದು ತಮಾಷೆ ಮಾಡಿದೆ. ಡಾಕ್ಟರಮ್ಮ ನಕ್ಕರು, ಅಕ್ಕ ನಗಲಿಲ್ಲ.

ಮನೆಗೆ ಮರಳುವ ಬಸ್ಸು ಧಾರೇಶ್ವರ ದಾಟಿತು. ಅಕ್ಕ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

“ಹಂಗಾರೆ ಇಷ್ಟ್ ವರ್ಷ ನಾ ಮಾಡಿದ್ದು ಎಂತ? ಆ ಸುಮ್ನೆ ಕೂತ ಮುದಿ ಕೋಶ ನಾನೇ ಅಲ್ವನೆ?”

ನನಗೆ ಅಳು ಬಂತು.

“ನಾಳೆಯಿಂದ ಅಂಗಡಿಗೆ ಬಾ. ಬ್ಲೌಸಿಗೆ ಹುಕ್ ಹಾಕೂಕೆ ಜನ ಇಲ್ಲ,” ಎಂದೆ.

“ಆತು,” ಎಂದಳು.

ಈಗ ಬೆಳಿಗ್ಗೆ ನನಗೆ ಬಾವಿಯ ತಣ್ಣೀರು ಹೊಯ್ಯುತ್ತಾಳೆ. ಹಂಡೆಯ ಬಿಸಿನೀರು ಅವಳೊಬ್ಬಳಿಗೇ. ಪೆಡಲನ್ನು ನಾನು ಬಲಗಾಲಿನಿಂದಲೇ ತುಳಿಯುತ್ತೇನೆ. ಎಡಗಾಲು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಅಕ್ಕ ಗಿರಾಕಿಗಳನ್ನು ಗದರುತ್ತ ಹುಕ್ ಹಾಕುತ್ತಾಳೆ. ಕಣ್ಣು ಮಂಜು, ಎಲ್ಲವೂ ಸೊಟ್ಟ. ಮಧ್ಯಾಹ್ನ ಅವಳು ತೂಕಡಿಸುವಾಗ ನಾನು ಬಿಚ್ಚಿ ಮತ್ತೆ ಹಾಕುತ್ತೇನೆ. ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಸಂಜೆ ಕುಮಟಾ ಬಸ್ಸಿನ ಮೆಟ್ಟಿಲಲ್ಲಿ ಹಿಂದಿನಿಂದ ಸೊಂಟ ಹಿಡಿದು ನನ್ನನ್ನು ಮೇಲಕ್ಕೆ ನೂಕುವವಳು ಅವಳೇ. ಅವಳಿಲ್ಲದ ದಿನ ನಾನು ಮನೆ ಮುಟ್ಟುವುದಿಲ್ಲ.