ಹೊಸ ಬಕೆಟ್ಟಿಗೆ ಮೊದಲು ಬಂದದ್ದು ಕಾಗೆ

ಕುಡಿದವು ಕಣ್ರೋ, ಕುಡಿದವು! ನಮ್ಮ ಮತ್ತಿಗಿರಿ ಮನೆ ಕೋಳಿಗಳು ಕೊನೆಗೂ ಹೊಸ ಬಕೆಟ್ಟಲ್ಲಿ ನೀರು ಕುಡಿದವು! ತೂಗುಹಾಕಿರೋ ಅದರ ತಳದಲ್ಲಿ ಕೆಂಪು ನಿಪ್ಪಲ್ ಇದೆ, ಕೊಕ್ಕಲ್ಲಿ ಕುಟ್ಟಿದರೆ ನೀರು ತೊಟ್ಟಿಕ್ಕುತ್ತೆ. ಬೆಳಿಗ್ಗೆಯಿಂದ ನಾನು ಬೆರಳಲ್ಲಿ ಕುಟ್ಟಿ ಕುಟ್ಟಿ ತೋರಿಸಿದರೂ ಅವು ನನ್ನ ಮುಖವನ್ನೇ ನೋಡ್ತಿದ್ದವು.

ಅತ್ತೆಗೆ ರೇಗಿತು. "ಬಾಯಿಲ್ಲದ ಜೀವಗಳ್ನ ಯಾಕಮ್ಮ ಹಿಂಗೆ ಗೋಳುಹುಯ್ಕೊತೀಯ? ಆ ಬಕೆಟ್ ಎತ್ತಿ ಬಿಸಾಕು, ಬೋಸೀಲಿ ನೀರಿಡ್ತೀನಿ."

ಅಷ್ಟರಲ್ಲಿ ಒಂದು ಕಾಗೆ ಬಂದು, ನಿಪ್ಪಲ್ ಕುಟ್ಟಿ ಆರಾಮಾಗಿ ನೀರು ಕುಡೀತು! ನಮ್ಮ ಹುಂಜಕ್ಕೆ ಎಲ್ಲಿತ್ತೋ ರೋಷ, ಕಾಗೆಯನ್ನು ಅಟ್ಟಿ ತಾನೇ ಕುಟ್ಟಿತು. ಹಿಂದೆಯೇ ಹೇಂಟೆಗಳೆಲ್ಲ ಮುಗಿಬಿದ್ದವು. ನಾನು ಅಂಗಳದಲ್ಲೇ ಕುಣಿದುಬಿಟ್ಟೆ!

ಕಾಂಪೌಂಡ್ ಆಚೆಯಿಂದ ಎಲ್ಲ ನೋಡ್ತಿದ್ದ ಪಕ್ಕದ ಮನೆ ರತ್ನಮ್ಮ ಅತ್ತೆಯನ್ನ ಕೇಳಿದರು, "ಬಿಸಾಕೋದಾದ್ರೆ ನಮಗೆ ಕೊಟ್ಬುಡಕ್ಕ, ನಮ್ಮ ಕೋಳಿಗಾಗ್ತದೆ."

ಅತ್ತೆ ಓಡಿಹೋಗಿ ಬಕೆಟ್ಟಿಗೆ ಅಡ್ಡ ನಿಂತರು. "ಅಯ್ಯೋ ಇಲ್ಲಮ್ಮ! ಇದಿಲ್ದಿದ್ರೆ ನಮ್ಮ ಕೋಳಿಗೆ ನೀರೇ ಇಳಿಯಲ್ಲ!"

ಅತ್ತೆ ಇವತ್ತಿನವರೆಗೂ ಮುಟ್ಟದ ವಾಷಿಂಗ್ ಮಷೀನ್ ಒಂದು ಮನೇಲಿದೆ. ನಾಳೆ ರತ್ನಮ್ಮನನ್ನ ಕಾಫಿಗೆ ಕರೀತೀನಿ.