ಮಡ್ಡಿಯ ಹುಲ್ಲಿಗೆ ಎಡಗೈಯವರು

ನಮ್ಮ ದೊಡ್ಡವ್ವನ ಅಂಗಳಕ್ಕೆ ಬರುವವರು ಮೊದಲು ಮೂಗು ಕಾಯ್ದುಕೊಳ್ಳಬೇಕಿತ್ತು. "ಶರಣ್ರೀ" ಎಂದು ಬಾಯಿ ತೆರೆಯುವಷ್ಟರಲ್ಲಿ ಕಟ್ಟೆಯ ಮೇಲಿನಿಂದ ಒಂದು ಉಳ್ಳಾಗಡ್ಡಿ ಸುಂಯ್ ಎಂದು ಮುಖದತ್ತ ಹಾರಿ ಬರುತ್ತಿತ್ತು. ಹಿಡಿದವರ ಕೈಯನ್ನು ಅವಳು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಹಿಡಿಯದವರ ಮೂಗಿಗೆ ಅರಿಶಿನ ಹಚ್ಚಲು ನಮ್ಮವ್ವ ಓಡಿ ಬರಬೇಕಾಗುತ್ತಿತ್ತು.

ದೊಡ್ಡವ್ವನೆಂದರೆ ನೀಲವ್ವ, ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ಲಿಂಗೈಕ್ಯನಾದ ಮೇಲೆ ಗೊಬ್ಬೂರಿನ ನಮ್ಮ ಕೂಡುಮನೆಯ ಒಕ್ಕಲುತನ ಅವಳ ಪಾಲಿಗೆ ಬಂತು. ಆಳು ಕುಳ್ಳಿ, ದನಿ ಮಾತ್ರ ಹೊಲದಾಚೆಯ ಎತ್ತನ್ನೂ ನಿಲ್ಲಿಸುವಂಥದು. ಊರ ಹೊರಗೆ ನಮ್ಮದೊಂದು ಮಡ್ಡಿ ಇತ್ತು. ಕಲ್ಲುದಿಬ್ಬ, ನೇಗಿಲು ಹೂಡಲು ಬರುವಂತಿರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಇಳಿಜಾರಿನ ತುಂಬ ಆಳೆತ್ತರದ ಹುಲ್ಲು ಎದ್ದು ನಿಲ್ಲುತ್ತಿತ್ತು. ದೀಪಾವಳಿಯೊಳಗೆ ಕೊಯ್ದು ಬಣವೆ ಒಟ್ಟದಿದ್ದರೆ ದನಗಳು ಮೂಸಿಯೂ ನೋಡುತ್ತಿರಲಿಲ್ಲ.

ಇಳಿಜಾರಿನ ಹುಲ್ಲಿಗೆ ಆಳು ಆರಿಸುವುದರಲ್ಲಿ ದೊಡ್ಡವ್ವನದೇ ಒಂದು ಶಾಸ್ತ್ರವಿತ್ತು. ಗುಡ್ಡ ಎಡಕ್ಕಿದ್ದರೆ ಬಲಗೈಯ ಕುಡಗೋಲು ಸಲೀಸಾಗಿ ಆಡುತ್ತದೆ. ಸಾಲು ಮುಗಿಸಿ ತಿರುಗಿದರೆ ಗುಡ್ಡ ಬಲಕ್ಕೆ ಬರುತ್ತದೆ, ಕುಡಗೋಲು ಕಲ್ಲಿಗೆ ಬಡಿಯುತ್ತದೆ, ಕಾಲು ಜಾರುತ್ತದೆ. ಆದ್ದರಿಂದ ಅವಳು ಆಳುಗಳ ಜೋಡಿ ಕಟ್ಟುತ್ತಿದ್ದಳು. ಹೋಗುವಾಗ ಬಲಗೈಯವನು ಕೊಯ್ಯಬೇಕು, ಎಡಗೈಯವನು ಹಿಂದಿನಿಂದ ಕೊಯ್ದ ಹುಲ್ಲಿನ ಸಿವುಡು ಕಟ್ಟುತ್ತ ಬರಬೇಕು. ತಿರುಗಿ ಬರುವಾಗ ಅದಲುಬದಲು.

"ಎತ್ತಿನಾಗ ಎಡಗೋಲು ಬಲಗೋಲು ಇರ್ತಾವ. ಮನಷ್ಯಾರಾಗ ಯಾಕ ಇರಬಾರ್ದು?" ಎನ್ನುತ್ತಿದ್ದಳು.

ಆದರೆ ಎಡಗೈಯವರು ಯಾರೆಂದು ಕೇಳಿದರೆ ಒಬ್ಬರೂ ಒಪ್ಪುತ್ತಿರಲಿಲ್ಲ. ಎಡಗೈ ಎಂದರೆ ಹೊಲಸು ಕೈ ಎಂಬುದು ಊರ ಮಾತು. ಮಕ್ಕಳ ಎಡಗೈಗೆ ಬಟ್ಟೆ ಸುತ್ತಿ, ಬಡಿದು, ತಾಯಂದಿರು ಬಲಗೈ ರೂಢಿ ಮಾಡಿಸುತ್ತಿದ್ದರು. "ಬಾಯಿ ಸುಳ್ಳ ಹೇಳ್ತದ. ಕೈಗೆ ಸುಳ್ಳ ಹೇಳಾಕ ಪುರಸೊತ್ತ ಕೊಡಬಾರ್ದು," ಎಂಬುದು ದೊಡ್ಡವ್ವನ ತೀರ್ಮಾನ. ಉಳ್ಳಾಗಡ್ಡಿ ಹಾರತೊಡಗಿದ್ದು ಹಾಗೆ.

ಅವಳಿಗೆ ಸಣ್ಣವರು ದೊಡ್ಡವರೆಂಬ ಭೇದವಿರಲಿಲ್ಲ. ಒಮ್ಮೆ ಅಫಜಲಪುರದಿಂದ ನಿಜಾಮ ಸರ್ಕಾರದ ಪೊಲೀಸ್ ಅಮೀನ್ ಸಾಹೇಬರು ಕುದುರೆ ಏರಿ ಬಂದರು. ಊರೇ ಗೋಡೆಗೆ ಆತು ನಿಂತಿತ್ತು. ಅವರು ಇಳಿಯುತ್ತಲೇ ಉಳ್ಳಾಗಡ್ಡಿ ಹೋಯಿತು. ಸಾಹೇಬರು ಬಲಗೈಯಲ್ಲಿ ಹಿಡಿದು, ಮೀಸೆಯಡಿಯಿಂದಲೇ "ಕ್ಯಾ ಹೈ ಯೇ?" ಎಂದರು. ಅಪ್ಪ ಬೆವೆತುಹೋದ. ದೊಡ್ಡವ್ವ ಮಾತ್ರ ನಿರಾಸೆಯಿಂದ, "ಬಲಗೈಯವರು ಬೇಕಾದಷ್ಟು ಆಗ್ಯಾರ್ರಿ ಸಾಹೇಬ್ರ. ಈ ವರ್ಷ ನಿಮಗ ಕೆಲಸ ಇಲ್ರಿ," ಅಂದಳು. ಯಾರೋ ಹೆದರುತ್ತ ಹೆದರುತ್ತ ಅದನ್ನು ಉರ್ದುವಿನಲ್ಲಿ ಹೇಳಿದಾಗ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕು, ಉಳ್ಳಾಗಡ್ಡಿಯನ್ನು ಕಿಸೆಗೆ ಹಾಕಿಕೊಂಡು ಹೋದರು.

ಇನ್ನು ನನ್ನ ವಿಷಯ. ನಾನು ಹುಟ್ಟಾ ಎಡಚಿ. ಮಡ್ಡಿಯ ಮೇಲೆ ನನಗೆ ರಾಣಿಯ ಮರ್ಯಾದೆ, ಮನೆಯೊಳಗೆ ಬೈಗುಳ. ಈ ಕೈಯಿಂದಾಗಿಯೇ ಎರಡು ಸಂಬಂಧ ಮುರಿದುಬಿದ್ದಿದ್ದವು. ಮೂರನೆಯದು ಹೊಳೆಯಾಚೆಯ ನೆಲೋಗಿಯದು. ಇದೂ ತಪ್ಪಿದರೆ ನನ್ನನ್ನು ಕೇಳುವವರಿಲ್ಲವೆಂದು ಅವ್ವ ದೇವರ ಮುಂದೆ ಕೂತು ಅತ್ತಿದ್ದಳು. ಬೀಗರು ಬರುವ ದಿನ ಉಳ್ಳಾಗಡ್ಡಿ ಬುಟ್ಟಿಯನ್ನು ಅಟ್ಟಕ್ಕೇರಿಸಿ, "ಅಕ್ಕಾ, ನಿನ್ನ ಕಾಲ ಬೀಳ್ತೇನಿ. ಇವತ್ತೊಂದಿನ ಬ್ಯಾಡ," ಎಂದು ಬೇಡಿಕೊಂಡಳು.

"ನಿನ್ನಾಣಿ, ಹುಡುಗನ ಮ್ಯಾಲ ಒಗ್ಯಾಂಗಿಲ್ಲ," ಅಂದಳು ದೊಡ್ಡವ್ವ.

ಹುಡುಗ ತಲೆ ತಗ್ಗಿಸಿ ಕೂತಿದ್ದ. ನೋಡಲು ಬಂದವರು ನಿಜವಾಗಿ ಅವನ ತಾಯಿ ಗೌರವ್ವ. ಬಿಗಿದ ತುಟಿ, ನೆಟ್ಟಗಿನ ಬೆನ್ನು. ನೀರು ಕೊಟ್ಟೆ, ನಮಸ್ಕಾರ ಮಾಡಿದೆ, ಎಲ್ಲವೂ ಬಲಗೈಯಲ್ಲೇ ನಡೆಯಿತು. ಆಮೇಲೆ ಅವರು ಸೂಜಿ ಕೊಟ್ಟು, "ದಾರ ಏರಸವಾ ನೋಡೂಣ," ಅಂದರು. ಬೆದರಿದ್ದ ನನಗೆ ಅರಿವಾಗುವ ಮೊದಲೇ ಎಡಗೈ ದಾರವನ್ನು ಸೂಜಿಯೊಳಗೆ ತೂರಿಸಿಬಿಟ್ಟಿತ್ತು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಎಡಚಿ ಏನ್ರೀ ಹುಡುಗಿ? ಮೊದಲೇ ಹೇಳಬಾರ್ದಾ?" ಎಂದು ಗೌರವ್ವ ಎದ್ದೇಬಿಟ್ಟರು. "ಈ ಕೈಲೆ ಬಡಿಸಿದ್ರ ನಮ್ಮ ಮನ್ಯಾಗ ಜಂಗಮರು ಉಣ್ಣೂದಿಲ್ರೀ."

"ಬೀಗರ, ಜರಾ ನಿಂದರ್ರಿ," ಎಂದಳು ದೊಡ್ಡವ್ವ.

ಅವರು ತಿರುಗಿದರು. ದೊಡ್ಡವ್ವನ ಉಡಿಯೊಳಗಿಂದ ಹಾರಿದ ಉಳ್ಳಾಗಡ್ಡಿಯನ್ನು ಮೂಗಿನ ಮುಂದೆಯೇ ಗಪ್ಪನೆ ಹಿಡಿದರು, ಎಡಗೈಯಲ್ಲಿ.

ಅವರ ಯಜಮಾನರು ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಏನಿದು?" ಅಂದರು.

"ಉಳ್ಳಾಗಡ್ಡಿ," ಅಂದಳು ದೊಡ್ಡವ್ವ.

"ಗಾಬರಿಗೆ ಹಿಡದೆ..." ಗೌರವ್ವನ ದನಿ ಸಣ್ಣದಾಗಿತ್ತು.

"ಗಾಬರ್ಯಾದಾಗ ಬರೂದೇ ಖರೆ ಕೈ. ಒಂದು ಮಾತ ಹೇಳ್ರಿ. ದಿನಾ ಲಿಂಗಪೂಜಿ ಮಾಡೂಮುಂದ ಲಿಂಗ ಯಾವ ಅಂಗೈಯಾಗ ಇಟ್ಟಕೋತೀರಿ?"

"...ಎಡಗೈಯಾಗ್ರಿ."

"ಶಿವಾ ಬಂದು ಕುಂಡ್ರೂ ಕೈಗೆ ಹೊಲಸ ಅಂತೀರೇನ್ರೀ?"

ಗೌರವ್ವ ನಿಂತಲ್ಲೇ ಕೂತರು. ಬಳೆಗಳನ್ನು ಮೇಲೆ ಸರಿಸಿದರು. ಮಣಿಕಟ್ಟಿನ ಮೇಲೆ ಹಳೆಯ ಬರೆಯ ಗುರುತಿತ್ತು. "ನಮ್ಮವ್ವ ಸೌಟ ಕಾಸಿ ಇಟ್ಟಿದ್ಲು," ಅಂದರು.

"ಒಲಿ ಸುಟ್ಟದ್ದಂತ ಹೇಳಿದ್ದಿ," ಅಂದರು ಯಜಮಾನರು ಮೆಲ್ಲಗೆ.

ಗೌರವ್ವ ನನ್ನನ್ನು ಹತ್ತಿರ ಕರೆದು, ನನ್ನ ಎಡಗೈಯನ್ನು ಹೊರಳಿಸಿ ಹೊರಳಿಸಿ ನೋಡಿದರು. ಅದರ ಮೇಲೆ ಗುರುತುಗಳಿರಲಿಲ್ಲ. ನನ್ನ ಕೈಗೆ ಬರೆ ಬೀಳದಂತೆ ಕಾದದ್ದು ದೊಡ್ಡವ್ವ. "ಸಕ್ಕರಿ ಹಂಚ್ರಿ," ಎಂದಷ್ಟೇ ಅಂದರು ಗೌರವ್ವ. ಅವ್ವ ಸಕ್ಕರೆ ತರಲು ಹೋಗಿ ಉಪ್ಪಿನ ಗಡಿಗೆ ಹೊತ್ತು ತಂದಳು.

ದೊಡ್ಡವ್ವನಿಗೆ ಆಗ ಬೇರೆಯದೇ ಚಿಂತೆ. "ಮದಿವಿ ಎಲ್ಲಿಗೆ ಹೊಕ್ಕದ? ನನ್ನ ಹುಲ್ಲ ನಿಂತದಲ್ರೀ!" ಎಂದು ಬೀಗರನ್ನು ಉಳಿಸಿಕೊಂಡಳು. ಮರುದಿನ ಗೌರವ್ವ ಕಚ್ಚೆ ಬಿಗಿದು ಮಡ್ಡಿ ಹತ್ತಿದರು. ಕಂಬಾರನಿಂದ ಬೇರೆಯಾಗಿ ಮಾಡಿಸಿಟ್ಟಿದ್ದ ಎಡಗೈ ಕುಡಗೋಲು ಹಿಡಿದು ಅವರು ಕೊಯ್ದ ರಭಸಕ್ಕೆ ಆಳುಗಳೇ ಬೆಪ್ಪಾಗಿ ನಿಂತರು. ನನ್ನನ್ನು ಅವರ ಜೋಡಿ ಮಾಡಲು ಬರುವಂತಿರಲಿಲ್ಲ, ಇಬ್ಬರದೂ ಒಂದೇ ಕೈ. ಬಲಗೈಯವರು ಬೇಕೆಂದು ದೊಡ್ಡವ್ವ ಅವರ ಯಜಮಾನರನ್ನೇ ಎಬ್ಬಿಸಿದಳು. ರುಮಾಲು ಬಿಚ್ಚಿಟ್ಟು ಆ ದೊಡ್ಡ ಮನುಷ್ಯ ಹೆಂಡತಿಯ ಹಿಂದೆ ಸಿವುಡು ಕಟ್ಟುತ್ತ ನಡೆದದ್ದನ್ನು ಗೊಬ್ಬೂರಿನವರು ಬಹಳ ದಿನ ಆಡಿಕೊಂಡರು.

ನಾನು ನೆಲೋಗಿಗೆ ಸೊಸೆಯಾಗಿ ಹೋದ ಮೇಲೆ ಅತ್ತೆ ಗೌರವ್ವ ಮನೆಯೊಳಗೆ ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದರು, ನಾಲ್ಕು ಮಂದಿಯೆದುರು ಬಲಗೈಗೆ ಬದಲಾಗುತ್ತಿದ್ದರು. ಅಷ್ಟು ವರ್ಷದ ಅಂಜಿಕೆ ಒಂದು ದಿನದಲ್ಲಿ ಹೋಗುವಂಥದಲ್ಲ. ದೊಡ್ಡವ್ವ ಬಂದಾಗ ಮಾತ್ರ ಇಬ್ಬರೂ ಒಳಗೆ ಕೂತು ಏನೇನೋ ಹೇಳಿಕೊಂಡು ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ದೊಡ್ಡವ್ವ ಸೀಗಿಹುಣ್ಣಿಮೆಯ ಮುಂದೆ ತೀರಿಕೊಂಡಳು. ಸುದ್ದಿ ಮುಟ್ಟಿದೊಡನೆ ಅತ್ತೆಯೂ ನಾನೂ ಗಾಡಿ ಕಟ್ಟಿಸಿಕೊಂಡು ಬಂದೆವು. ಅವಳಿಲ್ಲದ ಕಟ್ಟೆಯನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಸಮಾಧಿಯಲ್ಲಿ ಅವಳನ್ನು ಕೂರಿಸಿದ ಮೇಲೆ ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದರು. ಅತ್ತೆಯ ಸರದಿ ಬಂತು. ಊರ ಹಿರಿಯರೆಲ್ಲ ನೋಡುತ್ತಿರುವಂತೆಯೇ ಅವರು ಎಡಗೈಯಲ್ಲಿ ಮಣ್ಣು ಎತ್ತಿಕೊಂಡರು.

"ಯವ್ವಾ, ಬಲಗೈಲೆ ಹಾಕಬೇಕು," ಎಂದರು ಒಬ್ಬ ಮುದುಕರು.

"ಬಲಗೈ ಆಕಿನ್ನ ನೋಡೇ ಇಲ್ರೀ ಯಪ್ಪಾ," ಎಂದರು ಅತ್ತೆ. "ಆಕೀ ಕೂಡ ದೋಸ್ತಿ ಮಾಡಿದ್ದು ಈ ಕೈ."

ಮಣ್ಣು ಹಾಕಿ ಅವರು ಸರಿದು ನಿಂತರು. ನಾನು ಬಾಗಿ ಎಡಗೈ ಚಾಚಿದೆ.